ನಾಟಕಕಾರನ ಮುಂದಲೆ

ಕೊಟ್ಟಿಗೆಹಾರದ ಹತ್ತಿರ ರಸ್ತೆಗೆ ಅಡ್ಡ ಬಿದ್ದ ಒಂದು ಮರ, ಕಳಸದ ಹೈಸ್ಕೂಲ್ ಮೇಷ್ಟ್ರು ಸುದೀಪನ ತಲೆಗೂದಲಿಗೆ ಸಂಚಕಾರ ತಂದಿತು. ಅಂದು ಸಂಜೆಯ ನಾಟಕಕ್ಕೆ ಮಂಗಳೂರಿನಿಂದ ಬರಬೇಕಿದ್ದ ವಿಗ್ಗೂ ತಲೆಬುರುಡೆಯೂ ಆ ಮರದಾಚೆ ನಿಂತ ಬಸ್ಸಿನಲ್ಲಿದ್ದವು.

ನಾಟಕ ಇಂಗ್ಲಿಷರ ಆ ಮಹಾನಾಟಕಕಾರನ ಜೀವನ ಮತ್ತು ಕೃತಿಗಳನ್ನು ಕುರಿತದ್ದು. ಬರೆದವರೂ ಆಡಿಸುವವರೂ ನಿವೃತ್ತ ಹೆಡ್‌ಮಾಸ್ಟರ್ ವಿಷ್ಣುಮೂರ್ತಿಗಳು. ಅವನು ಊರು ಬಿಟ್ಟು ಲಂಡನ್ನಿಗೆ ಹೊರಟಲ್ಲಿಂದ ಹಿಡಿದು, ಉಯಿಲಿನಲ್ಲಿ ಹೆಂಡತಿಗೆ ಮನೆಯ ಎರಡನೇ ದರ್ಜೆಯ ಮಂಚ ಬಿಟ್ಟು ಸಾಯುವವರೆಗೆ ಎಲ್ಲವೂ ಅದರಲ್ಲಿತ್ತು. ನಡುವೆ ಅವನು ಬರೆದದ್ದೇ ಒಂದು ಸ್ಮಶಾನದ ದೃಶ್ಯ, ಅದಕ್ಕೊಂದು ಬುರುಡೆ.

ಸುದೀಪ ನಾಟಕ ಸಂಘ ಸೇರಿದಾಗಿನಿಂದ ಈಟಿ ಹಿಡಿದು ಅರಮನೆ ಬಾಗಿಲಲ್ಲಿ ನಿಂತವನೇ. ಈಗ ಮೊದಲ ಸಲ ನಾಯಕನ ಪಾತ್ರ ಸಿಕ್ಕಿತ್ತು. ಹೊರನಾಡಿನ ಅಕ್ಕನ ಮನೆಗೆ ಹೋಗಿದ್ದ ತಾಯಿ ಸೀತಮ್ಮನಿಗೂ, "ಈ ಸಲ ನಿಂತ್ಕೊಳ್ಳೋ ಪಾತ್ರ ಅಲ್ಲಮ್ಮ" ಎಂದು ಹೆಮ್ಮೆಯಿಂದ ಹೇಳಿ ಕಳಿಸಿದ್ದ.

"ವಿಗ್ ಬರ್ಲಿಲ್ಲ ಮಾರಾಯ," ಎಂದರು ವಿಷ್ಣುಮೂರ್ತಿಗಳು, ನಾಟಕಕಾರನ ಪಟ ತೋರಿಸುತ್ತ. "ನೋಡು, ಮುಂದಲೆ ಬೋಳು, ಕಿವಿ ಮೇಲೆ ಕೂದ್ಲು. ನಿನ್ನ ತಲೆ ಅಂದ್ರೆ ಕಾಡು. ಉಮೇಶಂದು ನೋಡು, ದೇವ್ರೇ ಕೊಟ್ಟ ವಿಗ್ಗು."

ಡ್ರಿಲ್ ಮೇಷ್ಟ್ರು ಉಮೇಶ ತನ್ನ ಬೋಳು ಹಣೆಯನ್ನು ಕರ್ಚೀಫಿನಿಂದ ಉಜ್ಜಿ ಹೊಳಪು ಕೊಟ್ಟುಕೊಂಡ.

"ಸರ್, ಈಗ ಬಂದೆ!" ಎಂದವನೇ ಸುದೀಪ ಚಿಕ್ಕಯ್ಯನ ಸಲೂನಿಗೆ ಓಡಿದ. "ಮುಂದಲೆ ಬೋಳಿಸು ಚಿಕ್ಕಯ್ಯ" ಎಂದು ಕೂತವನು ಕಣ್ಣು ಮುಚ್ಚಿ ಲಂಡನ್ನಿಗೆ ಹೊರಡುವ ದೃಶ್ಯದ ಮಾತುಗಳನ್ನು ಒಪ್ಪಿಸತೊಡಗಿದ. "ಅಮ್ಮಾ! ಇನ್ನು ನಿನ್ನ ಮುಖ ನೋಡುವ ಭಾಗ್ಯ ನನಗೆಲ್ಲಿ?" ಕೆನ್ನೆಯ ಮೇಲೆ ನಿಜವಾದ ಕಣ್ಣೀರೇ ಇಳಿಯಿತು.

ಚಿಕ್ಕಯ್ಯನ ಕೈ ಅರೆಗಳಿಗೆ ನಿಂತಿತು. ಮೇಷ್ಟ್ರು ತಲೆ ಕೊಡಲು ಬಂದದ್ದೇಕೆಂದು ಅವನಿಗೀಗ ಹೊಳೆಯಿತು. ದುಃಖದಲ್ಲಿರುವವರನ್ನು ಕೆದಕಬಾರದೆಂದು ಬಾಯಿ ಮುಚ್ಚಿಕೊಂಡು, ಶಾಸ್ತ್ರಕ್ಕೆ ಹಿಂದೊಂದು ಜುಟ್ಟು ಉಳಿಸಿ, ಮಿಕ್ಕಿದ್ದೆಲ್ಲವನ್ನೂ ಮೀಸೆಯ ಸಮೇತ ನುಣ್ಣಗೆ ತೆಗೆದ.

ಸುದೀಪ ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಕಂಡದ್ದು ಕಾಶಿಗೆ ಹೊರಟ ಪುರೋಹಿತ.

"ಇದೇನೋ ಮಾಡ್ದೆ!"

"ದುಡ್ಡು ಬೇಡಿ ಸರ್," ಎಂದ ಚಿಕ್ಕಯ್ಯ ಕಣ್ಣೊರೆಸಿಕೊಂಡು. "ನಿಮ್ಮಮ್ಮ ನಂಗೂ ಕಾಫಿ ಕೊಟ್ಟೋರು."

ಇದೇನು ಮಾತೆಂದು ಕೇಳುವಷ್ಟು ಪುರುಸೊತ್ತು ಸುದೀಪನಿಗಿರಲಿಲ್ಲ. ಬೀದಿಗಿಳಿದರೆ ಎದುರಿಗೆ ಪಕ್ಕದ ಮನೆಯ ನಂಜಮ್ಮ. ಅವನ ತಲೆ ಕಂಡದ್ದೇ ಆಕೆಯ ಕೈಯಲ್ಲಿದ್ದ ತರಕಾರಿ ಚೀಲ ನೆಲಕ್ಕೆ ಬಿತ್ತು. "ಅಯ್ಯೋ ಸೀತಕ್ಕಾ! ಮೊನ್ನೆ ತಾನೇ ನಗ್ತಾ ಬಸ್ ಹತ್ತಿದ್ರಲ್ಲ!"

"ಯಾರೂ ಸತ್ತಿಲ್ಲ ನಂಜಮ್ನೋರೇ! ಇದು ನಾಟಕಕ್ಕೆ!"

"ಪಾಪ, ದುಃಖಕ್ಕೆ ಏನೇನೋ ಬಡಬಡಿಸ್ತಿದೆ ಹುಡ್ಗ," ಎಂದು ಆಕೆ ಪೇಟೆಗೆಲ್ಲ ಕೇಳುವಂತೆ ಅತ್ತಳು.

ಅವನಿಗಿಂತ ಮೊದಲೇ ಸುದ್ದಿ ರಂಗಮಂದಿರ ಮುಟ್ಟಿತ್ತು. ಉಮೇಶ ಆಗಲೇ ನಾಟಕಕಾರನ ನಿರಿಗೆ ಕಾಲರನ್ನು ಕುತ್ತಿಗೆಗೆ ಕಟ್ಟಿಕೊಂಡಿದ್ದ. "ಸೂತಕದೋರು ದೀಪ ಹಚ್ಚೋ ಸ್ಟೇಜ್ ಹತ್ಬಾರ್ದು. ನೀನು ಹೋಗಿ ಕರ್ಮ ಮುಗ್ಸು, ನಾಟಕದ ಚಿಂತೆ ನಂಗೆ ಬಿಡು" ಎಂದ, ತುಂಬಾ ನೊಂದವನಂತೆ.

"ಸರ್, ಅಮ್ಮ ಬದ್ಕಿದಾರೆ!" ಎಂದು ಸುದೀಪ ಕೂಗಿದ.

ವಿಷ್ಣುಮೂರ್ತಿಗಳು ಅವನನ್ನು ತಬ್ಬಿಕೊಂಡರು. "ಹೌದಪ್ಪಾ. ನಮ್ಮೆಲ್ಲರ ಮನಸ್ಸಲ್ಲಿ ಯಾವಾಗ್ಲೂ ಬದ್ಕಿರ್ತಾರೆ."

ಫೋನು ಮಾಡಿದರೆ ಹೊರನಾಡಿನ ಕಡೆ ನೆಟ್‌ವರ್ಕ್ ಇಲ್ಲ. ಸುದೀಪ ಹಲ್ಲು ಕಚ್ಚಿ ಆಟೋ ಹತ್ತಿದ. ಈಟಿ ಹಿಡಿದು ಸವೆದ ಕೈಗೆ ಬಂದ ಪಾತ್ರವನ್ನು ಅವನು ಅಷ್ಟು ಸುಲಭಕ್ಕೆ ಬಿಡುವವನಲ್ಲ.

ಅಕ್ಕನ ಮನೆಯ ಜಗುಲಿಯಲ್ಲಿ ಕೂತಿದ್ದ ಸೀತಮ್ಮ ಮಗನ ತಲೆ ನೋಡಿ ಎದೆ ಹಿಡಿದುಕೊಂಡರು. "ಅಯ್ಯೋ, ಯಾರು ಹೋದ್ರೋ?"

"ನೀನೇ! ಮೊದ್ಲು ಆಟೋ ಹತ್ತು!"

ಇಬ್ಬರೂ ರಂಗಮಂದಿರದ ಹಿಂಬಾಗಿಲಿಗೆ ಬರುವ ಹೊತ್ತಿಗೆ ಒಳಗೆ ಸಂತಾಪಸೂಚನೆ ನಡೆದಿತ್ತು. "ಸೀತಮ್ಮನವರಂಥ ಅನ್ನಪೂರ್ಣೆಯನ್ನು ನಾನು ಕಂಡಿಲ್ಲ" ಎನ್ನುತ್ತಿದ್ದರು ವಿಷ್ಣುಮೂರ್ತಿಗಳು ಮೈಕಿನಲ್ಲಿ. ಸುದೀಪ ನುಗ್ಗಲು ಹೊರಟರೆ ತಾಯಿ ಅವನ ಅಂಗಿ ಹಿಡಿದೆಳೆದರು.

"ತಡಿಯೋ, ಇನ್ನೂ ಸ್ವಲ್ಪ ಹೇಳ್ಲಿ. ಬದ್ಕಿದ್ದಾಗ ಯಾರು ಹೇಳ್ತಾರೆ?"

"ಉಪ್ಪು ಒಂಚೂರು ಮುಂದಿದ್ದರೂ, ಅವರ ಹಲಸಿನ ಹಪ್ಪಳ..."

"ಯಾರ ಹಪ್ಪಳಕ್ಕೆ ಉಪ್ಪು ಮುಂದು?" ಎಂದು ಸ್ವರ್ಗಸ್ಥೆ ಸೀತಮ್ಮ ಸಭೆಯ ನಡುವೆ ನಡೆದು ಬಂದರು. ಕುರ್ಚಿಗಳು ಉರುಳಿದವು. ನಂಜಮ್ಮ ಆಕೆಯನ್ನು ಮುಟ್ಟಿ ಮುಟ್ಟಿ ನೋಡಿ, ಪೇಟೆಯಲ್ಲಿ ಅತ್ತದ್ದಕ್ಕಿಂತ ಜೋರಾಗಿ ಅತ್ತಳು.

ಸುದೀಪ ಗೆದ್ದವನಂತೆ ವೇದಿಕೆ ಹತ್ತಿದ. "ಸೂತಕ ಇಲ್ಲ ಸರ್. ನನ್ನ ಪಾತ್ರ ಕೊಡಿ."

ವಿಷ್ಣುಮೂರ್ತಿಗಳು ಪಟ ನೋಡಿದರು, ಉಮೇಶನನ್ನು ನೋಡಿದರು, ದೀಪದ ಬೆಳಕಿನಲ್ಲಿ ಗುಂಡಗೆ ಮಿನುಗುತ್ತಿದ್ದ ಸುದೀಪನ ತಲೆ ನೋಡಿದರು. "ಕಿವಿ ಮೇಲೆ ಕೂದ್ಲೇ ಇಲ್ವಲ್ಲ ಮಾರಾಯ," ಎಂದರು. ಆಮೇಲೆ ಅವರ ಮುಖ ಅರಳಿತು. "ಆದ್ರೂ ನಿನ್ನ ಕೈ ಬಿಡಲ್ಲ. ಬುರುಡೆ ಇನ್ನೂ ಬಂದಿಲ್ಲ."

ಹೀಗೆ ಸ್ಮಶಾನದ ದೃಶ್ಯದಲ್ಲಿ, ರಟ್ಟಿನ ಗೋರಿಯ ತೂತಿನಿಂದ ಸುದೀಪನ ತಲೆ ಹೊರಬಂತು, ಮುಖದ ತುಂಬ ಅಕ್ಕಿಹಿಟ್ಟು, ಜುಟ್ಟು ಅಂಗಿಯ ಕಾಲರಿನೊಳಗೆ. ಅದರ ಮೇಲೆ ಕೈಯಿಟ್ಟ ಉಮೇಶ ಎರಡನೇ ಸಾಲಿಗೇ ಮಾತು ಮರೆತ. ಸುದೀಪ ತಡೆಯಲಾರದೆ, ತಾನು ಇಷ್ಟು ದಿನ ಉರುಹೊಡೆದ ಮಾತನ್ನೆಲ್ಲ ಬುರುಡೆಯೊಳಗಿಂದ ಪಿಸುಗುಟ್ಟಿದ. ಉಮೇಶ ಅದನ್ನೇ ಗಟ್ಟಿಯಾಗಿ ಹೇಳಿ ಭರ್ಜರಿ ಚಪ್ಪಾಳೆ ಗಿಟ್ಟಿಸಿದ.

ಮುಂದಿನ ಸಾಲಿನಲ್ಲಿ ಸೀತಮ್ಮ ಹೆಮ್ಮೆಯಿಂದ ನಂಜಮ್ಮನ ಪಕ್ಕೆ ತಿವಿದರು.

"ಮೊದ್ಲೇ ಹೇಳಿದ್ದ ಕಣೇ, ಈ ಸಲ ನಿಂತ್ಕೊಳ್ಳೋ ಪಾತ್ರ ಅಲ್ಲ ಅಂತ."