ಬೇಚಿರಾಕ್ ಎಂದರೆ

‘ಗೊತ್ತಿಲ್ಲಪ್ಪ’ ಎಂದು ಒಂದು ಮಾತು ಹೇಳಿದ್ದರೆ ಚನ್ನಕೇಶವ ಮೇಷ್ಟ್ರ ಆ ಶನಿವಾರ ಎಂದಿನಂತೆ ಕಳೆದುಹೋಗುತ್ತಿತ್ತು. ಆದರೆ ಶಿಡ್ಲಘಟ್ಟದ ಆ ಮಿಡ್ಲ್ ಸ್ಕೂಲಿನಲ್ಲಿ ಹಿಂದಿ ಪರೀಕ್ಷೆ ಪಾಸು ಮಾಡಿದ್ದವರು ಅವರೊಬ್ಬರೇ. ಅಂದಿನಿಂದ ಗೊತ್ತಿಲ್ಲ ಎನ್ನುವ ಅಭ್ಯಾಸವನ್ನೇ ಅವರು ಬಿಟ್ಟಿದ್ದರು.

ಬೆಳಗಿನ ಸ್ಕೂಲು ಮುಗಿಸಿ ಸೈಕಲ್ ಹತ್ತುವಾಗ ಸೀಗೆಕುಂಟೆಯ ರೈತ ಚಿಕ್ಕವೆಂಕಟಪ್ಪ ಅಡ್ಡ ನಿಂತ. ಊರಿಗೊಂದು ಬಾವಿ ಬೇಕೆಂದು ಅವನು ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದ್ದ. ‘ಸದರಿ ಗ್ರಾಮ ಬೇಚಿರಾಕ್ ಆಗಿರುವುದರಿಂದ ಬಾವಿ ಮಂಜೂರು ಮಾಡಲು ಬರುವುದಿಲ್ಲ’ ಎಂದು ಜವಾಬು ಬಂದಿತ್ತು.

“ಇದೇನು ಸಾಮಿ ಬೇಚಿರಾಕು? ಗುಮಾಸ್ತರನ್ನ ಕೇಳಿದ್ರೆ, ಅದು ಹಿಂದೂಸ್ತಾನಿ ಮಾತು, ಹಿಂದಿ ಮೇಷ್ಟ್ರನ್ನ ಕೇಳು ಅಂದ್ರು.”

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಬೇ ಅಂದ್ರೆ ಇಲ್ಲದ. ಚಿರಾಗ್ ಅಂದ್ರೆ ದೀಪ. ದೀಪವಿಲ್ಲದ ಊರು ಅಂತ ಬರೆದಿದಾರೆ ಕಣಪ್ಪ.”

ಚಿಕ್ಕವೆಂಕಟಪ್ಪನ ಮುಖ ಕೆಂಡದ ಮೇಲಿಟ್ಟ ಬದನೆಕಾಯಿಯಂತಾಯಿತು. “ದೀಪ ಇಲ್ವಾ? ಆರು ಮನೆಗೆ ಆರು ಲಾಟೀನು ಐತೆ! ಕಂದಾಯದ ಶೇಕ್ದಾರ್ರು ಜಮೀನು ತನಿಖೆಗೆ ಇವತ್ತು ನಮ್ಮೂರ ಮೇಲೇ ಹೋಗ್ತಾರಂತೆ. ತೋರ್ಸೇಬಿಡಣ. ನೀವೂ ಬನ್ನಿ, ಅರ್ಥ ಹೇಳಾಕೆ ಒಬ್ರು ಬೇಕು.”

“ಮನೇಲಿ ಮುದ್ದೆ ಆರಿಹೋಗುತ್ತಪ್ಪ,” ಎಂದು ಮೇಷ್ಟ್ರು ಹೇಳುವಷ್ಟರಲ್ಲಿ ಅವನು ಸೈಕಲ್ಲಿನ ಹಿಂದೆ ಕೂತಾಗಿತ್ತು.

ಮಧ್ಯಾಹ್ನ ಒಂದು ಗಂಟೆಗೆ, ನೆತ್ತಿ ಸುಡುವ ಬಿಸಿಲಿನಲ್ಲಿ, ಸೀಗೆಕುಂಟೆಯ ಹುಣಸೆಮರಕ್ಕೆ ಆರು ಲಾಟೀನು ಉರಿಯುತ್ತ ನೇತಾಡುತ್ತಿದ್ದವು. ಮರದ ಕೆಳಗೆ ಬಂದ ಶೇಕ್ದಾರ್ ವೆಂಕಟರವಣಪ್ಪನವರ ಕೊಡೆ ಒಂದು ಲಾಟೀನಿಗೆ ತಾಗಿ, ಅದು ಕೆಳಗಿನ ಹುಲ್ಲಿನ ಹೊರೆಯ ಮೇಲೆ ಬಿತ್ತು. ಬಾವಿಯಿಲ್ಲದ ಊರು, ಕುಡಿಯಲೆಂದು ಎರಡು ಮೈಲಿಯಿಂದ ಹೊತ್ತು ತಂದಿದ್ದ ಎರಡು ಬಿಂದಿಗೆ ನೀರನ್ನೂ ಸುರಿದು ಬೆಂಕಿ ಆರಿಸಬೇಕಾಯಿತು. ಅದರಲ್ಲಿ ಅರ್ಧ ಬಿಂದಿಗೆ ಶೇಕ್ದಾರರ ಕೋಟಿನ ಮೇಲೆ ಬಿತ್ತು.

“ಹಗಲು ಹೊತ್ತಲ್ಲಿ ಯಾರಯ್ಯಾ ದೀಪ ಹಚ್ಚಿಸಿದ್ದು?”

ಊರಿನ ಬೆರಳುಗಳೆಲ್ಲ ಮೇಷ್ಟ್ರ ಕಡೆ ತಿರುಗಿದವು. ಮೇಷ್ಟ್ರು ಅರ್ಥ ಒಪ್ಪಿಸಿದರು.

ಶೇಕ್ದಾರರು ಕೋಟು ಹಿಂಡುತ್ತಲೇ ನಕ್ಕುಬಿಟ್ಟರು. “ದೀಪ ಹಚ್ಚೋಕೂ ಜನ ಇಲ್ಲದ ಊರು, ಪಾಳು ಬಿದ್ದ ಊರು ಅಂತ ಅರ್ಥ ಮೇಷ್ಟ್ರೇ! ಯಾವ ಕಾಲದಲ್ಲೋ ಜನ ಬಿಟ್ಟುಹೋದಾಗ ಬರೆದಿದ್ದು. ಆಮೇಲೆ ಇವರು ಬಂದು ಸೇರಿದ್ರು, ಕಾಗದ ಹಾಗೇ ಉಳೀತು. ಸರಿ, ಜನ ಇದಾರೆ ಅಂತ ಬರೀತೀನಿ. ಆದ್ರೆ ಏಳು ಮನೆಯಾದ್ರೂ ತೋರಿಸ್ದೆ ಇದ್ರೆ ನಮ್ಮ ಸಾಹೇಬರು ಒಪ್ಪಲ್ಲ.”

ಇದ್ದದ್ದು ಆರು. ಬಾವಿ ಕೈಗೆ ಬಂದಂತೆ ಬಂದು ಜಾರುತ್ತಿತ್ತು. ಖಾಲಿ ಬಿಂದಿಗೆ ಹಿಡಿದು ನಿಂತಿದ್ದ ಚಿಕ್ಕವೆಂಕಟಪ್ಪನ ಹೆಂಡತಿ ವರಲಕ್ಷ್ಮಮ್ಮ ಥಟ್ಟನೆ ಹೇಳಿದಳು:

“ಏಳನೇದು ಮೇಷ್ಟ್ರುದಲ್ವಾ ಸಾಮಿ! ನಮ್ಮ ಕೊಟ್ಟಿಗೆ ಪಕ್ಕದ ಕೋಣೇಲಿ ಸಂಸಾರ ಇಟ್ಟವ್ರೆ.”

ಆ ಖಾಲಿ ಬಿಂದಿಗೆಗಳನ್ನು ನೋಡಿ ಮೇಷ್ಟ್ರಿಗೆ ಅಲ್ಲ ಎನ್ನಲು ಮನಸ್ಸಾಗಲಿಲ್ಲ. ತಮ್ಮ ಅರ್ಥದಿಂದಲೇ ಅಲ್ಲವೇ ಆ ನೀರು ಹೋದದ್ದು? “ಹೌದು,” ಎಂದರು. ಶೇಕ್ದಾರರು ಬರೆದುಕೊಂಡ ಮಹಜರಿನ ಕೆಳಗೆ ಕುಟುಂಬಸಮೇತ ವಾಸ ಎಂದು ಮೇಷ್ಟ್ರು ರುಜು ಹಾಕಿದರು. ಎಲ್ಲರೂ ಕೈಮುಗಿದರು. ಮನೆಗೆ ಬಂದು ತಣ್ಣಗಾದ ಮುದ್ದೆ ನುಂಗುವಾಗಲೂ ಮೇಷ್ಟ್ರಿಗೆ ಪುಣ್ಯದ ಕೆಲಸ ಮಾಡಿದ ಸಮಾಧಾನವಿತ್ತು.

ಎರಡು ತಿಂಗಳಿಗೆ ಸರ್ಕಾರದ ಹುಕುಂ ಬಂತು. ಸೀಗೆಕುಂಟೆ ಇನ್ನು ಬೇಚಿರಾಕ್ ಅಲ್ಲ. ಬಾವಿಯ ವಿಚಾರ ಪರಿಶೀಲನೆಯಲ್ಲಿದೆ. ಸದ್ಯಕ್ಕೆ ಏಕೋಪಾಧ್ಯಾಯ ಶಾಲೆಯೊಂದು ಮಂಜೂರಾಗಿದ್ದು, ಅದೇ ಗ್ರಾಮದ ಖಾಯಂ ನಿವಾಸಿಯಾದ ಚನ್ನಕೇಶವ ಮೇಷ್ಟ್ರನ್ನು ಅಲ್ಲಿಗೆ ವರ್ಗ ಮಾಡಲಾಗಿದೆ.

ಮೇಷ್ಟ್ರು ಕಚೇರಿಗೆ ಓಡಿದರು. ಗುಮಾಸ್ತ ಮಹಜರು ತೆಗೆದು ಅವರ ರುಜುವಿನ ಮೇಲೆ ಬೆರಳಿಟ್ಟ.

“ಸರ್ಕಾರಕ್ಕೆ ಸುಳ್ಳು ಬರಕೊಟ್ಟಿದೀನಿ ಅಂತೀರಾ ಮೇಷ್ಟ್ರೇ?”

“ಛೆ ಛೆ, ಅಲ್ಲೇ ಇರೋದು,” ಎಂದು ಮೇಷ್ಟ್ರು ಬೆವರು ಒರೆಸಿಕೊಂಡರು. “ಆದ್ರೂ... ಮನೆ ಸಾಮಾನು ಸಾಗಿಸೋಕೆ ನಾಲ್ಕು ದಿನ ರಜಾ ಕೊಡ್ತೀರಾ?”

“ಅಲ್ಲೇ ಇರೋರಿಗೆ ರಜಾ ಯಾಕೆ?” ಎಂದ ಗುಮಾಸ್ತ.