ನಾನು ಬೇಯಿಸಿದ ಬಿಸಿಲು

ಆ ಮಧ್ಯಾಹ್ನ ಅಡುಗೆಗೆ ಕಾಳು ಸಾಲಲಿಲ್ಲ. ಕಿಟಕಿಯಲ್ಲಿದ್ದ ಗಾಜಿನ ಭರಣಿಯ ಕಾಳನ್ನು ಸುರಿದು ಅಳೆದೆ. ನೀಲಿ ಬಟ್ಟಲಿಗೆ ಕಂಠಮಟ್ಟ ಬಂತು. (ಅಳೆಯದೆ ನಾನು ಉಪ್ಪನ್ನೂ ಹಾಕುವವಳಲ್ಲ.) ಬೇಯಿಸಿಬಿಟ್ಟೆ.

ಊಟಕ್ಕೆ ಕೂತ ಗಂಡ ಭರಣಿ ನೋಡಿ ಎದ್ದು ನಿಂತರು.

"ಅಯ್ಯೋ ಮಹಾರಾಯ್ತಿ! ಇಷ್ಟು ದಿನದ ಬಿಸಿಲನ್ನ ಬೇಯ್ಸಿಬಿಟ್ಯಲ್ಲೇ!"

"ಬಿಸಿಲೋ ಬೆಳದಿಂಗಳೋ, ಕಾಳು ಇರೋದು ತಿನ್ನೋಕೆ."

ನಮ್ಮದು ಸೇಬಿನ ತೋಟ. ಪತಂಗ ಮೊಟ್ಟೆಯಿಡುತ್ತದೆ, ಮೊಟ್ಟೆಯೊಡೆದ ಹುಳು ಕಾಯೊಳಗೆ ಸಂಸಾರ ಹೂಡುತ್ತದೆ. ಒಳಹೊಕ್ಕರೆ ಔಷಧಿಗೆ ಸಿಗದು. ಮೊಟ್ಟೆಯೊಡೆಯುವ ಹೊತ್ತನ್ನು ಹೇಳುವುದು ತಾರೀಕಲ್ಲ, ಸೆಕೆ ಎಂಬುದು ಗಂಡನ ವೇದಾಂತ. ಪತಂಗ ಹಿಡಿಯಲು ತೂಗುಹಾಕಿದ ಅಂಟುಡಬ್ಬಿಗೆ ಮೊದಲನೆಯದು ಬಿದ್ದಂದಿನಿಂದ ದಿನಾ ಬೆಳಗ್ಗೆ ಮರಕ್ಕೆ ಕಟ್ಟಿದ ಥರ್ಮಾಮೀಟರ್ ದರ್ಶನ. ಹಗಲಿನ ಹೆಚ್ಚು ಬಿಸಿ, ರಾತ್ರಿಯ ಕಡಿಮೆ ಬಿಸಿ, ಎರಡರ ಸರಾಸರಿ ಹತ್ತು ಡಿಗ್ರಿ ದಾಟಿದರೆ, ದಾಟಿದ ಡಿಗ್ರಿಗೊಂದು ಕಾಳು ಭರಣಿಗೆ. ಕಾಳು ಭರಣಿಗೆ ಸುತ್ತಿದ ಕೆಂಪು ದಾರ ಮುಟ್ಟಿದ ದಿನ ಔಷಧಿ. ಹೋಗುವಾಗ ಬಾಗಿಲು ಮಾತ್ರ ಹಾಕುತ್ತಿರಲಿಲ್ಲ. "ಬಾಗಿಲ್ರೀ! ಚಳಿ!" ಎಂದು ಹಾಸಿಗೆಯಿಂದ ಕಿರುಚುವುದು ನನ್ನ ಸುಪ್ರಭಾತ.

"ಲೆಕ್ಕ ತಲೇಲಿದೆ, ನಾಳೆ ತುಂಬ್ತೀನಿ" ಎಂದು ಕೂತು ಎರಡು ಸಲ ಬಡಿಸಿಕೊಂಡರು. "ಬಿಸಿಲು ರುಚಿಯಾಗಿದೆ ಕಣೇ."

ಮರುದಿನ ಏಳಲಿಲ್ಲ. ಲೆಕ್ಕವೂ ತಲೆಯ ಜೊತೆಗೇ ಹೋಯಿತು.

ಮಗಳು, ನೆಂಟರು, ಮನೆ ತುಂಬ ಜನ ಅಳುತ್ತಿದ್ದರು. ನಾನು ತೋಟಕ್ಕೆ ಹೋಗಿ ಥರ್ಮಾಮೀಟರ್ ನೋಡಿ ಬಂದೆ. ಬುದ್ಧಿ ಕೆಟ್ಟಿದೆ ಅಂದರು. ಹುಳು ಯಾರ ಸಾವಿಗೂ ಕಾಯುವುದಿಲ್ಲ.

ಪಕ್ಕದ ತೋಟ ಮೈದುನನದು. ವರ್ಷವರ್ಷವೂ ಒಂದೇ ತಾರೀಕಿಗೆ ಔಷಧಿ ಹೊಡೆಯುವ ಮನುಷ್ಯ.

"ಅತ್ತಿಗೆ, ನಾಳೆ ನಿಮ್ಮದಕ್ಕೂ ಹೊಡೆದುಬಿಡ್ತೀನಿ."

"ಬೇಡ. ಕಾಳು ದಾರ ಮುಟ್ಟಿಲ್ಲ."

"ಆ ಕಾಳು ನೀವೇ ಬೇಯ್ಸಿದ್ರಂತೆ?"

"ಬೇಯ್ಸಿದವಳಿಗೆ ಅಳತೆ ಗೊತ್ತು."

ನೀಲಿ ಬಟ್ಟಲಿನಲ್ಲಿ ಕಂಠಮಟ್ಟ ಅದೇ ಜಾತಿಯ ಕಾಳು ಅಳೆದು ಭರಣಿಗೆ ಸುರಿದಿದ್ದೆ. ಹೋದ ಬಿಸಿಲು ವಾಪಸ್ಸು ಬಂದಿತ್ತು.

"ಸರಿ. ಈ ಸಲ ಹುಳು ಬಿದ್ರೆ ಮುಂದೆ ತೋಟ ನಾನು ನೋಡ್ತೀನಿ. ನೀವು ಒಲೆ ನೋಡ್ಕೊಳ್ಳಿ."

"ಆಗಲಿ" ಅಂದೆ.

ಆ ವರ್ಷ ಚಳಿ ಬಿಡಲೇ ಇಲ್ಲ. ಕೆಲವು ದಿನ ಒಂದೇ ಕಾಳು, ಕೆಲವು ದಿನ ಅದೂ ಇಲ್ಲ. ಮೈದುನ ಬೇಲಿಯಾಚೆ ಔಷಧಿ ಹೊಡೆದು ಮೀಸೆ ತಿರುವಿದ. ಮಳೆ ಬಂದು ಅವನ ಔಷಧಿ ತೊಳೆದುಹೋಯಿತು. ಮೊಟ್ಟೆಗಳು ಇನ್ನೂ ನಿದ್ದೆಯಲ್ಲಿದ್ದವು. ಕೊನೆಗೆ ಬಿಸಿಲು ಬಂತು, ಕಾಳು ದಾರ ಮುಟ್ಟಿತು. ಅಂದೇ ಹೊಡೆಸಿದೆ.

ಕೊಯ್ಲಿನಲ್ಲಿ ನನ್ನ ಬುಟ್ಟಿಗಳ ಹಣ್ಣು ಕನ್ನಡಿಯಂತಿತ್ತು. ಬೀದಿಯಲ್ಲಿ ಸಿಕ್ಕವರ ಕೈಗೆಲ್ಲ ಒಂದೊಂದು ಕೊಟ್ಟು, "ಕೊಯ್ದು ನೋಡಿ, ನಮ್ಮವರ ಲೆಕ್ಕ!" ಎಂದು ಡಂಗುರ ಹೊಡೆದೆ. ಅವರು ಬದುಕಿದ್ದಾಗ ಒಂದು ದಿನವೂ ಹೊಗಳಿದವಳಲ್ಲ. ಈಗ ನನ್ನ ಬಾಯಿಗೆ ಬಿಡುವಿಲ್ಲ.

ಬಾಯಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಮೈದುನ ಹುಳುಕು ಸೇಬು ಹಿಡಿದು ಬಂದ. "ಅತ್ತಿಗೆ, ಸೋತೆ. ನನ್ನ ತೋಟದ ಲೆಕ್ಕಾನೂ ನೀವೇ ಇಡಿ."

ಈಗ ಕಿಟಕಿಯಲ್ಲಿ ಎರಡು ಭರಣಿ. ಬೆಳಕು ಹರಿಯುವ ಮುಂಚೆ ಅವರ ಹಳೆಯ ಕೋಟು ತೊಟ್ಟು, ಜೇಬಿಗೆ ಕಾಳು ತುಂಬಿ, ಎರಡೂ ತೋಟಕ್ಕೆ ಹೊರಡುತ್ತೇನೆ. ಹಾಸಿಗೆಯಿಂದ ಮಗಳು ಕಿರುಚುತ್ತಾಳೆ: "ಬಾಗಿಲಮ್ಮಾ! ಚಳಿ!"

ದಿನಾ ಮರೆಯುತ್ತೇನೆ.