ಗುಡುಗಿದರೂ ಪ್ಲಗ್ ಮುಟ್ಟಬೇಡಿ

ಕೆಲಸವೆಲ್ಲ ಇನ್ನು ತನ್ನಷ್ಟಕ್ಕೆ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಬುತ್ತಿ ಬಿಚ್ಚಿ ಊಟ ಮುಗಿಸಿಬಿಡುತ್ತೇನೆ. ಆಮೇಲೆ ಊಟಕ್ಕೆ ಪುರುಸೊತ್ತು ಸಿಗುವುದಿಲ್ಲ. ಇದು ಅನುಭವದ ಮಾತು.

ನಾನಿರುವುದು ಬಂಟ್ವಾಳದ ಒಂದು ಬೇಕರಿಯ ಆಫೀಸಿನಲ್ಲಿ. ಒಲೆ ಇಲ್ಲಿ, ಅಂಗಡಿ ಬೆಳ್ತಂಗಡಿಯಲ್ಲೊಂದು, ಮೂಡುಬಿದಿರೆಯಲ್ಲೊಂದು. ಸಂಜೆ ಎರಡೂ ಅಂಗಡಿಗಳಲ್ಲಿ ಏನು ಉಳಿದಿದೆ ಎಂದು ಕೇಳಿ, ನಾಳೆಗೆ ಎಷ್ಟು ಬ್ರೆಡ್ಡು, ಎಷ್ಟು ಬನ್ನು ಬೇಕೆಂದು ಒಲೆಯವರಿಗೆ ಹೇಳುವುದು ನನ್ನ ಕೆಲಸ. ಇದನ್ನು ಹೊತ್ತು ಹೊತ್ತಿಗೆ ಕಂಪ್ಯೂಟರೇ ಮಾಡುತ್ತದೆ ಎಂದು ಯಾರೋ ನಮ್ಮ ಧಣಿಯ ತಲೆಗೆ ತುಂಬಿಸಿದರು. ಮಂಗಳೂರಿನಿಂದ ಟೈ ಕಟ್ಟಿಕೊಂಡು ಒಬ್ಬ ಸಾಫ್ಟ್‌ವೇರ್‌ನವ ಬಂದ. ಇಲ್ಲಿ ಎಲ್ಲರಿಗೂ ನಾನು ಅಕ್ಕ. ಧಣಿ ನನ್ನ ಎದುರಿಗೇ ಹೇಳಿದರು: "ದಸರಾ ಕಳೆಯುವಾಗ ಇದು ಸರಿಯಾಗಿ ನಡೆದರೆ ಅಕ್ಕ ಇಲ್ಲಿ ಎಂತಕ್ಕೆ? ಮೂಡುಬಿದಿರೆ ಅಂಗಡಿಗೆ ಹಾಕುವ."

ಅಂದರೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬನ್ನು ಕಟ್ಟಿಕೊಡುವುದು. ಇಷ್ಟು ವರ್ಷ ದುಡಿದದ್ದಕ್ಕೆ ಸಿಕ್ಕಿದ ಮರ್ಯಾದೆ. ನನಗೆ ಮೈಯೆಲ್ಲ ಉರಿಯಿತು. ಮುಂದೆ ಹೇಳುವುದರಲ್ಲಿ ಸ್ವಲ್ಪ ಖಾರ ಜಾಸ್ತಿ ಇದ್ದರೆ ಅದಕ್ಕೆ ಕಾರಣ ಇದೇ.

ರಾಹುಕಾಲ

ಸಾಫ್ಟ್‌ವೇರ್‌ನವ ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದ. ಸಂಜೆ ಐದಕ್ಕೆ ಮೊದಲ ಕೆಲಸ ಶುರು, ಅಂಗಡಿಗಳಲ್ಲಿ ಉಳಿದದ್ದರ ಲೆಕ್ಕ. ಅದು ಮುಗಿಯದೆ ಎರಡನೆಯದು ಏಳುವುದಿಲ್ಲ, ಎರಡನೆಯದು ಮುಗಿಯದೆ ಮೂರನೆಯದು ಇಲ್ಲ. ಪಂಕ್ತಿಯಲ್ಲಿ ಸಾರು ಬಾರದೆ ಪಾಯಸ ಬರುವುದಿಲ್ಲವಲ್ಲ, ಹಾಗೆ. ಇಷ್ಟು ಹೇಳಲಿಕ್ಕೆ ಅವನಿಗೆ ಒಂದು ಬೆಳಗ್ಗೆ ಬೇಕಾಯಿತು.

ಎಲ್ಲ ಕೇಳಿ ಧಣಿ ಒಂದೇ ಪ್ರಶ್ನೆ ಹಾಕಿದರು. "ಭಾನುವಾರವೂ ಐದಕ್ಕಾ?"

"ಹೌದು ಸರ್, ಎಲ್ಲಾ ದಿನ."

"ಭಾನುವಾರ ಆ ಹೊತ್ತಿಗೆ ರಾಹುಕಾಲ ಅಲ್ವಾ ಮಾರಾಯ?"

ಸಾಫ್ಟ್‌ವೇರ್‌ನವನ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಯಿತು. ಹೊತ್ತು ಮುಂದೆ ಹಾಕಿದರೆ ಒಲೆಯವರು ಮನೆಗೆ ಹೋಗಿರುತ್ತಾರೆ. ಹಿಂದೆ ತಂದರೆ ಅಂಗಡಿಯ ಸಂಜೆ ವ್ಯಾಪಾರ ಆಗಿರುವುದಿಲ್ಲ. ಕೊನೆಗೆ ಧಣಿಯೇ ದಾರಿ ತೋರಿಸಿದರು. ರಾಹುಕಾಲದಲ್ಲಿ ಶುರು ಮಾಡಬಾರದು, ಮುಂದುವರಿಸಬಹುದು. ಹಾಗಾದರೆ ಅದಕ್ಕೆ ಮೊದಲೇ ಒಂದು ಕೆಲಸ ಶುರುವಾಗಿಬಿಡಲಿ. ಎಂತ ಕೆಲಸ ಎಂದು ಅವನು ಕೇಳಿದ. "ಎಂತದೂ ಬೇಡ. ಒಂದು ಹಾಳೆಯಲ್ಲಿ ಶ್ರೀ ಅಂತ ಪ್ರಿಂಟ್ ಆಗಲಿ."

ಅವನು ಬರೆದ. ಭಾನುವಾರ ನಾಲ್ಕೂಕಾಲಕ್ಕೆ ಪ್ರಿಂಟರ್ ಕಿರ್ರೆಂದು ಶ್ರೀ ಎಂದು ಉಗುಳುತ್ತದೆ. ಇಡೀ ವ್ಯವಸ್ಥೆಯಲ್ಲಿ ಒಮ್ಮೆಯೂ ಕೈಕೊಡದೆ ನಡೆದದ್ದು ಅದೊಂದೇ ಕೆಲಸ.

ಹೌದು ಒತ್ತಿ

ಧಣಿಯನ್ನು ಕೇಳದೆ ನಮ್ಮ ಆಫೀಸಿನಲ್ಲಿ ಫ್ಯಾನು ಕೂಡ ತಿರುಗುವುದಿಲ್ಲ. ಮತ್ತೆ ಕಂಪ್ಯೂಟರಿಗೆ ಮಾತ್ರ ಅಷ್ಟು ಸ್ವಾತಂತ್ರ್ಯ ಕೊಡುತ್ತಾರಾ? ಪ್ರತಿ ಕೆಲಸಕ್ಕೆ ಮೊದಲು ತನಗೊಂದು ಮೆಸೇಜು ಬರಬೇಕು, ತಾನು "ಹೌದು" ಒತ್ತಿದ ಮೇಲೆಯೇ ಮುಂದೆ ಹೋಗಬೇಕು ಎಂದರು. ತನ್ನಷ್ಟಕ್ಕೆ ನಡೆಯುವುದೆಂದರೆ ಇದು.

ಒಂದು ದಿನ ಅವರು ಅಳದಂಗಡಿಗೆ ಮದುವೆಗೆ ಹೋಗಿದ್ದರು. ಸಂಜೆ ಕಂಪ್ಯೂಟರ್ "ಹೌದು" ಕಾಯುತ್ತ ಕೂತಿತು. ಒಲೆಯವರು ಬಂದು ನನ್ನ ಮುಖ ನೋಡಿದರು. ಬೆಳ್ತಂಗಡಿಯ ಮ್ಯಾನೇಜರ್ ಫೋನ್ ಮಾಡಿ, "ಅಕ್ಕಾ, ನಾಳೆಗೆ ಬ್ರೆಡ್ಡು ಉಂಟಾ ಇಲ್ವಾ?" ಎಂದು ಕೇಳಿದರು. ನಾನು ಧಣಿಗೆ ಫೋನ್ ಮಾಡಿದೆ.

"ಧಣಿ, ಮೆಸೇಜು ಬರಲಿಲ್ವಾ?"

"ಯಾವ ಮೆಸೇಜು? ಅದು ಇರಲಿ, ಯಾರೋ ಕಳ್ಳರು ನನ್ನ ಹಿಂದೆ ಬಿದ್ದಿದ್ದಾರೆ ಅಕ್ಕ. ಸಂಜೆ ಕಾಫಿಗೆ ಕೂತಲ್ಲಿಂದ ಹೌದು ಒತ್ತಿ, ಹೌದು ಒತ್ತಿ ಅಂತ ಕಳಿಸ್ತಾನೇ ಇದ್ದಾರೆ. ಹಾಗೆಲ್ಲ ಬಂದರೆ ಒತ್ತಬಾರದು ಅಂತ ಬ್ಯಾಂಕಿನವರು ಹೇಳಿದ್ದು ನೆನಪಿತ್ತು. ನಂಬರೇ ಬ್ಲಾಕ್ ಮಾಡಿಬಿಟ್ಟೆ."

ಆ ಬ್ಲಾಕ್ ತೆಗೆಸುವಷ್ಟರಲ್ಲಿ ಒಲೆಯವರು ಮನೆಗೆ ಹೋಗಿಯಾಗಿತ್ತು. ಮರುದಿನ ಎರಡೂ ಅಂಗಡಿಗಳಲ್ಲಿ ಹಳೇ ರಸ್ಕು. ಧಣಿ ಮಾತ್ರ ತಾನು ಮೋಸ ಹೋಗಲಿಲ್ಲ ಎಂದು ವಾರವಿಡೀ ಹೇಳಿಕೊಂಡು ತಿರುಗಿದರು.

ಇರಲಿ ಅಂತ

ಮೂಡುಬಿದಿರೆಯ ಮ್ಯಾನೇಜರಿಗೆ ಕಂಪ್ಯೂಟರ್ ಮೇಲೆ ನಂಬಿಕೆ ಇಲ್ಲ, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲ. ಕಂಪ್ಯೂಟರ್ ಅಲ್ಲಿಗೆ ಇಷ್ಟು ಬನ್ನು ಎಂದು ಬರೆಯುತ್ತದೆ. ಮ್ಯಾನೇಜರ್ ಗುಟ್ಟಾಗಿ ಒಲೆಯವರಿಗೆ ಫೋನ್ ಮಾಡಿ, "ಎಂತಕ್ಕೂ ಇರಲಿ, ನನ್ನ ಲೆಕ್ಕದ್ದೂ ಸ್ವಲ್ಪ ಕಳಿಸಿ" ಎನ್ನುತ್ತಾರೆ. ಸಂಜೆ ಬನ್ನು ಉಳಿಯುತ್ತದೆ. ಉಳಿದದ್ದನ್ನು ನೋಡಿ ಕಂಪ್ಯೂಟರ್ ನಾಳೆಗೆ ಕಡಿಮೆ ಬರೆಯುತ್ತದೆ. ಕಡಿಮೆ ಆಯಿತೆಂದು ಇವರು ಫೋನಿನಲ್ಲಿ ಜಾಸ್ತಿ ಹೇಳುತ್ತಾರೆ.

ಹೀಗೆ ಎಳೆದಾಡಿ ಎಳೆದಾಡಿ ಕೊನೆಗೆ ಒಂದು ದಿನ ಮೂಡುಬಿದಿರೆಗೆ ಬನ್ನೇ ಬೇಡ ಎಂದು ಕಂಪ್ಯೂಟರ್ ತೀರ್ಮಾನಿಸಿತು. ಅಂದಿನಿಂದ ಅಲ್ಲಿಗೆ ಹೋದದ್ದೆಲ್ಲ ಮ್ಯಾನೇಜರ್ ಬಾಯಲ್ಲಿ ಹೇಳಿದ್ದೇ. ನಾನು ಧಣಿಗೆ ತೋರಿಸಿ, "ನೋಡಿ ನಿಮ್ಮ ಮಷಿನಿನ ಅವಸ್ಥೆ" ಎಂದೆ.

ಧಣಿ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಎಷ್ಟು ಹುಷಾರಿ ಉಂಟು ನೋಡಿ. ತಾನು ಸುಮ್ಮನೆ ಕೂತು ಕೆಲಸ ಪೂರಾ ಅವನಿಂದಲೇ ಮಾಡಿಸ್ತದೆ."

ಬೋರ್ಡಿನ ಕೆಳಗೆ

ನಮ್ಮಲ್ಲಿ ಗುಡುಗಿನ ಸದ್ದು ಕೇಳಿದರೆ ಮೊದಲು ಕೈ ಹೋಗುವುದು ಪ್ಲಗ್ಗಿಗೆ. ಟಿವಿ, ಫ್ರಿಜ್ಜು, ಮಿಕ್ಸಿ, ಎಲ್ಲ ಎಳೆದು ಹಾಕಿ ಆಮೇಲೆ ದೇವರನ್ನು ನೆನೆಯುವುದು. ಮೊದಲ ಮಳೆಗೆ ಆಫೀಸಿನಲ್ಲಿ ಯಾರೋ ಕಂಪ್ಯೂಟರಿನದ್ದೂ ಎಳೆದರು. ಧಣಿ ಕೆಂಡವಾದರು. ಸಾಫ್ಟ್‌ವೇರ್‌ನವ ದೊಡ್ಡ ಬ್ಯಾಟರಿ ತಂದಿಟ್ಟ. ಮೇಲೆ ಗೋಡೆಗೆ ಬೋರ್ಡು ಬಂತು: "ಗುಡುಗಿದರೂ ಪ್ಲಗ್ ಮುಟ್ಟಬೇಡಿ."

ದಸರಾ ಕಳೆಯಿತು. ಒಂದು ಭಾನುವಾರ ಧಣಿ ಊರಿನ ವ್ಯಾಪಾರಿಗಳನ್ನೆಲ್ಲ ಕರೆದು ಮನುಷ್ಯರಿಲ್ಲದೆ ನಡೆಯುವ ಆಫೀಸು ತೋರಿಸುವುದೆಂದು ನಿಶ್ಚಯಿಸಿದರು. ಅವತ್ತು ಕಂಪ್ಯೂಟರ್ ಪಾಸಾದರೆ ಸೋಮವಾರ ನಾನು ಮೂಡುಬಿದಿರೆ ಬಸ್ಸಿನಲ್ಲಿ. ನಾನು ಮೂಲೆಯಲ್ಲಿ ನಿಂತು ಬಂದವರಿಗೆ ಶರಬತ್ತು ಕೊಡುತ್ತಿದ್ದೆ.

ನಾಲ್ಕೂಕಾಲಕ್ಕೆ ಶ್ರೀ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಐದಕ್ಕೆ ಬ್ರೆಡ್ಡಿನ ಲೆಕ್ಕ ಹೊರಡಬೇಕು. ಧಣಿ ಮೊದಲೇ "ಹೌದು" ಒತ್ತಿ ಕಂಪ್ಯೂಟರಿನ ಪಕ್ಕ ನಿಂತು ಭಾಷಣ ಶುರು ಮಾಡಿದರು. "ನೋಡಿ, ಇನ್ನು ಇದಕ್ಕೆ ಮನುಷ್ಯರ ಕೈ ಅಂತ ಬೇಡವೇ ಬೇಡ."

ಆಗ ಹೊಳೆಯ ಆಚೆಯಿಂದ ಒಂದು ಗುಡುಗು ಗುಡುಗಿತು.

ಧಣಿಯ ಮಾತು ಇನ್ನೂ ಬಾಯಲ್ಲೇ ಇತ್ತು, ಕೈ ಹಿಂದೆ ಹೋಗಿ ಪ್ಲಗ್ ಎಳೆದಾಗಿತ್ತು. ಬ್ಯಾಟರಿ ಇದ್ದದ್ದರಿಂದ ಕಂಪ್ಯೂಟರ್ ನಿಲ್ಲಲಿಲ್ಲ. ಪ್ಲಗ್ ಎಳೆದರೂ ಉರಿಯುವುದನ್ನು ಕಂಡು ಅವರಿಗೆ ಇನ್ನಷ್ಟು ಗಾಬರಿಯಾಯಿತು. ಬಗ್ಗಿ ಬ್ಯಾಟರಿಯ ಸ್ವಿಚ್ಚನ್ನೂ ಆರಿಸಿದರು. ಪರದೆ ಕಪ್ಪಾಯಿತು, ಬ್ರೆಡ್ಡು ಬನ್ನು ಎಲ್ಲ ಹೋಯಿತು. ಕೈಯಲ್ಲಿ ಪ್ಲಗ್ ಹಿಡಿದು, ತಾನೇ ಬರೆಸಿದ ಬೋರ್ಡಿನ ಕೆಳಗೆ ಧಣಿ ನಿಂತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಸಾಫ್ಟ್‌ವೇರ್‌ನವ ಟೈ ಸಡಿಲ ಮಾಡಿಕೊಂಡು ಹೊರಗೆ ಮಳೆ ನೋಡಲಿಕ್ಕೆ ಹೋದ. ಧಣಿ ನನ್ನನ್ನು ಹತ್ತಿರ ಕರೆದು ಮೆಲ್ಲನೆ, "ಅಕ್ಕ, ಒಲೆಯವರಿಗೆ ನೀವೇ ಹೇಳಿಬಿಡಿ. ಮತ್ತೆ ಗುಡುಗು ನಿಂತ ಮೇಲೆ ಇದನ್ನು ಒಮ್ಮೆ ಸಿಕ್ಕಿಸಿ" ಎಂದರು.

"ನಾನು ನಾಳೆಯಿಂದ ಮೂಡುಬಿದಿರೆಯಲ್ಲಿ ಅಲ್ವಾ, ಧಣಿ?"

"ಅದೆಲ್ಲ ಬೇಡ. ಮಳೆಗಾಲ ಪ್ರತಿ ವರ್ಷ ಬರ್ತದೆ. ನೀವು ಇಲ್ಲೇ ಇರಿ."

"ಮನುಷ್ಯರ ಕೈ ಬೇಡ ಅಂತ ಈಗಷ್ಟೇ ಹೇಳಿದಿರಲ್ಲ?"

ಧಣಿ ಪ್ಲಗ್ಗನ್ನು ನನ್ನ ಕೈಗೆ ಕೊಟ್ಟು ಹೇಳಿದರು: "ನಾನು ಹೇಳಿದ್ದು ಕಂಪ್ಯೂಟರಿಗೆ. ಪ್ಲಗ್ಗಿಗೆ ಬೇಡ ಅಂತ ಹೇಳಿದೆನಾ?"